ಮಗು ಎರಡೂವರೆ ಕೆಜಿ ದಾಟಬೇಕಾದರೆ ಮನೆಯವರು ಏನು ಮಾಡಬೇಕು

ನಾನು ಉಡುಪಿ ಜಿಲ್ಲೆಯ ಕಾಪು, ಕಟಪಾಡಿ, ಪಡುಬಿದ್ರಿ ಕಡೆಯ ಆರೋಗ್ಯ ಉಪಕೇಂದ್ರಗಳಲ್ಲಿ 31 ವರ್ಷ ಕೆಲಸ ಮಾಡಿದವಳು. ಸರ್ಕಾರದ ಪುಸ್ತಕದಲ್ಲಿ ಕಿರಿಯ ಮಹಿಳಾ ಆರೋಗ್ಯ ಸಹಾಯಕಿ, ಊರಿನವರ ಬಾಯಲ್ಲಿ ನರ್ಸಮ್ಮ. ನಿವೃತ್ತಿ ಆಗಿ ನಾಲ್ಕು ವರ್ಷ ಆಯಿತು. ಫೋನ್ ಮಾತ್ರ ನಿಂತಿಲ್ಲ. "ನರ್ಸಮ್ಮ, ಸೊಸೆಗೆ ಹೆರಿಗೆ ಆಯಿತು, ಮಗು ಎರಡು ಕೆಜಿಯೂ ಇಲ್ಲ, ಈಗ ಎಂತ ಮಾಡುವುದು?" ಈಗ ಮಾಡುವುದೂ ಉಂಟು, ಅದನ್ನು ಕೊನೆಗೆ ಹೇಳುತ್ತೇನೆ. ಆದರೆ ಆ ಫೋನ್ ಏಳು ತಿಂಗಳು ಮೊದಲೇ ಬರಬೇಕಿತ್ತು. ಈ ಬರಹ ಆ ಏಳು ತಿಂಗಳ ಬಗ್ಗೆಯೇ ಜಾಸ್ತಿ.

ಮೊದಲು ಲೆಕ್ಕ ಗೊತ್ತಿರಲಿ. ಹುಟ್ಟಿದಾಗ 2,500 ಗ್ರಾಂಗಿಂತ ಕಡಿಮೆ ಇದ್ದರೆ ಅದು ಕಡಿಮೆ ತೂಕದ ಮಗು. 1,500ಕ್ಕಿಂತ ಕಡಿಮೆ ಇದ್ದರೆ ತುಂಬಾ ಕಡಿಮೆ. ನಮ್ಮ ದೇಶದಲ್ಲಿ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಮಾಡಿದಾಗ, ತೂಕ ಬರೆದಿಟ್ಟ ಮಕ್ಕಳಲ್ಲಿ ನೂರಕ್ಕೆ ಸುಮಾರು 18 ಮಕ್ಕಳು ಹೀಗಿದ್ದರು. ಸಣ್ಣ ಮಗು ಎರಡು ದಾರಿಯಲ್ಲಿ ಬರುತ್ತದೆ. ಒಂದು, 37 ವಾರ ತುಂಬುವ ಮೊದಲೇ ಹುಟ್ಟಿಬಿಡುವುದು. ಇನ್ನೊಂದು, ದಿನ ತುಂಬಿಯೂ ಹೊಟ್ಟೆಯೊಳಗೆ ಸರಿಯಾಗಿ ಬೆಳೆಯದೆ ಇರುವುದು. ಕೆಲವು ಮಕ್ಕಳಿಗೆ ಎರಡೂ ಸೇರಿರುತ್ತದೆ. ಯಾವ ದಾರಿ ಅಂತ ಗೊತ್ತಾಗಬೇಕಾದರೆ ತಾರೀಕು ಬೇಕು. ಹಾಗಾಗಿ ಶುರು ಮಾಡುವುದು ಕ್ಯಾಲೆಂಡರ್‌ನಿಂದ.

ಕ್ಯಾಲೆಂಡರ್‌ನಲ್ಲಿ ಒಂದು ಗುರುತು

ನಮ್ಮ ಕಡೆ ಪ್ರತಿ ಅಡುಗೆ ಮನೆಯ ಗೋಡೆಯಲ್ಲೂ ಒಂದು ಕ್ಯಾಲೆಂಡರ್ ನೇತಾಡುತ್ತದೆ. ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ, ಕೋಲದ ದಿನ, ಎಲ್ಲ ಅದರಲ್ಲೇ. ಮದುವೆಯಾದ ಹುಡುಗಿ ತನ್ನ ಮುಟ್ಟಿನ ಮೊದಲ ದಿನಕ್ಕೂ ಅಲ್ಲಿ ಒಂದು ಚುಕ್ಕೆ ಇಡಲಿ. ಯಾರಿಗೂ ಅರ್ಥ ಆಗಬೇಕಾಗಿಲ್ಲ, ಅವಳಿಗೆ ಆದರೆ ಸಾಕು. ಆ ದಿನಕ್ಕೆ ಒಂಬತ್ತು ತಿಂಗಳು ಏಳು ದಿನ ಸೇರಿಸಿದರೆ ಹೆರಿಗೆಯ ಅಂದಾಜು ದಿನ. ಮಾರ್ಚ್ 10 ಆದರೆ ಡಿಸೆಂಬರ್ 17ರ ಆಸುಪಾಸು.

"ಕೊನೆಯ ಸಲ ಯಾವಾಗ ಮುಟ್ಟಾದದ್ದು?" ಅಂತ ಕೇಳಿದರೆ "ಅಷ್ಟಮಿ ಕಳೆದು ನಾಲ್ಕು ದಿನಕ್ಕೆ" ಅಂತ ಹೇಳುವವರು ಎಷ್ಟೋ ಜನ. ಅದೂ ಪರವಾಗಿಲ್ಲ, ಕೃಷ್ಣಾಷ್ಟಮಿಯ ಮರುದಿನದ ವಿಟ್ಲಪಿಂಡಿಯಿಂದ ಎಣಿಸಬಹುದು. "ನೆನಪಿಲ್ಲ" ಅಂದರೆ ಮಾತ್ರ ಕಷ್ಟ. ಆಗ ಮೂರು ತಿಂಗಳೊಳಗೆ ಮಾಡಿಸಿದ ಸ್ಕ್ಯಾನಿಂಗ್ ಒಂದೇ ಗತಿ. ಏಳನೇ ತಿಂಗಳಲ್ಲಿ ಮಾಡಿಸಿದ ಸ್ಕ್ಯಾನಿಂಗ್ ತಾರೀಕನ್ನು ಅಷ್ಟು ಸರಿಯಾಗಿ ಹೇಳುವುದಿಲ್ಲ. ಆಗ ಸಣ್ಣ ಮಗುವೋ, ತಡವಾಗಿ ನಿಂತ ಗರ್ಭವೋ ಎಂದು ಗೊತ್ತಾಗದೆ ಡಾಕ್ಟರೂ ತಲೆ ಕೆರೆದುಕೊಳ್ಳಬೇಕಾಗುತ್ತದೆ.

ಇಲ್ಲಿ ನಮ್ಮದೇ ಒಂದು ಪದ್ಧತಿ ಅಡ್ಡ ಬರುತ್ತದೆ. ಮೂರು ತಿಂಗಳಾಗದೆ ಬಸುರಿ ಅಂತ ಹೊರಗೆ ಹೇಳಬಾರದು, ದೃಷ್ಟಿ ಆಗುತ್ತದೆ ಅನ್ನುತ್ತಾರೆ. ನೆರೆಮನೆಗೆ ಹೇಳಬೇಡಿ, ಬೇಡ ಅಂದವರಾರು? ಆಶಾ ಕಾರ್ಯಕರ್ತೆಗೆ ಹೇಳಿ. ಅವಳ ಹತ್ತಿರ ಮೂತ್ರ ಪರೀಕ್ಷೆಯ ಕಿಟ್ ಇರುತ್ತದೆ. ತಾಯಿ ಕಾರ್ಡ್ ಆಗುತ್ತದೆ, ಫೋಲಿಕ್ ಆಸಿಡ್ ಮಾತ್ರೆ ಸಿಗುತ್ತದೆ, ರಕ್ತ, ಬಿಪಿ, ಎತ್ತರ, ತೂಕ ಎಲ್ಲ ಒಮ್ಮೆ ನೋಡಿ ಆಗುತ್ತದೆ. ಮೊದಲ ಮೂರು ತಿಂಗಳಲ್ಲಿ ಬರೆದ ತೂಕವೇ ಮುಂದಿನ ಎಲ್ಲ ಲೆಕ್ಕಕ್ಕೂ ಬುಡ. ಅದಿಲ್ಲದಿದ್ದರೆ ಅವಳು ಎಷ್ಟು ಏರಿದಳು ಅಂತ ಹೇಳುವುದು ಹೇಗೆ?

ಗಂಜಿಯ ಬಟ್ಟಲಿನಲ್ಲಿ ಬೇರೆ ಏನುಂಟು

ಬಸುರಿಯ ತೂಕ ಒಟ್ಟು 10ರಿಂದ 12 ಕೆಜಿ ಏರಬೇಕು. ಮೊದಲ ಮೂರು ತಿಂಗಳು ವಾಂತಿಯಲ್ಲೇ ಹೋಗುತ್ತದೆ, ಅದನ್ನು ಬಿಡಿ. ಆಮೇಲೆ ತಿಂಗಳಿಗೆ ಒಂದೂವರೆಯಿಂದ ಎರಡು ಕೆಜಿ. ಮೊದಲೇ ಸಪೂರ ಇದ್ದವಳಿಗೆ ಇನ್ನೂ ಜಾಸ್ತಿ ಬೇಕು. ಒಂದು ತಿಂಗಳು ತೂಕ ನಿಂತಲ್ಲೇ ನಿಂತರೆ ಮುಂದಿನ ತಿಂಗಳಿಗೆ ಕಾಯಬೇಡಿ, ಆ ವಾರವೇ ಕೇಳಿ.

ಕಾಪುವಿನ ಕಡೆಯ ಒಂದು ಮನೆ ನೆನಪಿಗೆ ಬರುತ್ತದೆ. ಬೆಳಿಗ್ಗೆ ಹತ್ತು ಗಂಟೆ. ಸೊಸೆ ಆರು ತಿಂಗಳ ಬಸುರಿ, ಕುಚ್ಚಲಕ್ಕಿ ಗಂಜಿ ಉಣ್ಣುತ್ತಾ ಇದ್ದಳು. ದೊಡ್ಡ ಬಟ್ಟಲು, ತುಂಬಾ ಗಂಜಿ. ಬದಿಯಲ್ಲಿ ಒಂದು ಮಾವಿನಮಿಡಿ ಉಪ್ಪಿನಕಾಯಿ. ಅಷ್ಟೇ. ಅತ್ತೆ ಹೆಮ್ಮೆಯಿಂದ "ನೋಡಿ ನರ್ಸಮ್ಮ, ಎಷ್ಟು ಉಣ್ಣುತ್ತಾಳೆ" ಅಂದರು. ಹೊಟ್ಟೆ ತುಂಬಿತ್ತು, ನಿಜ. ಗಂಜಿಯ ಮುಕ್ಕಾಲು ಭಾಗ ನೀರು. ಮಧ್ಯಾಹ್ನ ಗಂಡಸರು ಉಂಡು, ಮಕ್ಕಳು ಉಂಡು, ಕೊನೆಗೆ ಅವಳು ಕೂತಾಗ ಮೀನಿನ ತುಂಡು ಹೋಗಿ ಸಾರು ಮಾತ್ರ ಉಳಿದಿರುತ್ತಿತ್ತು. ಯಾರೂ ಕೆಟ್ಟವರಲ್ಲ ಆ ಮನೆಯಲ್ಲಿ. ಕೊನೆಗೆ ಉಣ್ಣುವವಳಿಗೆ ಏನು ಉಳಿಯುತ್ತದೆ ಅಂತ ಯಾರೂ ಪಾತ್ರೆ ಬಗ್ಗಿಸಿ ನೋಡಿರಲಿಲ್ಲ.

ಹಾಗಾಗಿ ನಾನು ಅತ್ತೆಯಂದಿರಿಗೆ ಹೇಳುತ್ತಿದ್ದ ಮೊದಲ ಕೆಲಸ ಇದು: ಬಡಿಸುವ ಮೊದಲು ಅವಳ ಪಾಲು ತೆಗೆದಿಡಿ. ಬೇರೆ ಅಡುಗೆ ಬೇಡ. ಮಾಡಿದ್ದರಲ್ಲೇ ಎರಡು ತುಂಡು ಮೀನು, ಒಂದು ಸೌಟು ಹೆಸರುಕಾಳು, ಒಂದು ಹಿಡಿ ಸೊಪ್ಪಿನ ಪಲ್ಯ ಒಂದು ಮುಚ್ಚಳದ ಪಾತ್ರೆಯಲ್ಲಿ ಬದಿಗೆ ಹೋಗಲಿ.

ಬಸುರಿಗೆ ದಿನಕ್ಕೆ ಬೇಕಾದ ಹೆಚ್ಚುವರಿ ಆಹಾರ ಸುಮಾರು 350 ಕ್ಯಾಲರಿ. ಕೇಳಿದರೆ ದೊಡ್ಡ ಸಂಗತಿ ಅನಿಸುತ್ತದೆ. ಒಂದು ಬೇಯಿಸಿದ ಮೊಟ್ಟೆ, ಒಂದು ಹಿಡಿ ನೆಲಗಡಲೆ, ಒಂದು ಬಾಳೆಹಣ್ಣು. ಅಷ್ಟಕ್ಕೇ ಹತ್ತಿರ ಬರುತ್ತದೆ. ಇಬ್ಬರ ಊಟ ಒಬ್ಬಳು ಉಣ್ಣಬೇಕು ಅನ್ನುವುದು ಸುಮ್ನೆ ಮಾತು.

ನಮ್ಮ ಕರಾವಳಿಯಲ್ಲಿ ಇದಕ್ಕೆಲ್ಲ ಬರ ಇಲ್ಲ. ಬೂತಾಯಿ ಬಡವರ ಮೀನು ಅನ್ನುತ್ತಾರೆ, ಆದರೆ ಬಸುರಿಗೆ ಅಂಜಲ್‌ಗಿಂತ ಅದೇನೂ ಕಡಿಮೆಯಲ್ಲ. ನುಗ್ಗೆಸೊಪ್ಪು ಅಂಗಳದಲ್ಲೇ ಉಂಟು. ಬಸಳೆ ಚಪ್ಪರ ಇಲ್ಲದ ಮನೆ ಕಡಿಮೆ, ಅದಕ್ಕೆ ಹೆಸರುಕಾಳೋ ಮರುವಾಯಿಯೋ (ಚಿಪ್ಪುಮೀನು) ಸೇರಿಸಿದರೆ ಊಟ ಪೂರ್ತಿ. ಸಸ್ಯಾಹಾರದ ಮನೆಯವರು ಬೇಳೆ, ಕಾಳು, ಮೊಸರು, ಎಳ್ಳು ಜಾಸ್ತಿ ಮಾಡಿ. ಊಟಕ್ಕೆ ಲಿಂಬೆ ಹಿಂಡಿ, ಇಲ್ಲವೇ ಆಮೇಲೆ ಒಂದು ಪೇರಳೆ ತಿನ್ನಿ. ಸೊಪ್ಪಿನ ಕಬ್ಬಿಣ ಮೈಗೆ ಹತ್ತುವುದಕ್ಕೆ ಹುಳಿ ಹಣ್ಣು ಬೇಕು.

ಕಷ್ಟದ ಕಾಲ ಯಾವುದೆಂದರೆ ಜೂನ್, ಜುಲೈ. ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಮಲ್ಪೆಯಲ್ಲಿ ಬೋಟುಗಳೆಲ್ಲ ದಡದಲ್ಲಿ. ಮೀನೂ ಇಲ್ಲ, ಕೈಯಲ್ಲಿ ದುಡ್ಡೂ ಇಲ್ಲ. ತುಳುವರ ಮಳೆಗಾಲದ ಆಟಿ ತಿಂಗಳಲ್ಲಿ ಐದು, ಆರು ತಿಂಗಳು ತುಂಬಿದ ಬಸುರಿಯರ ತೂಕ ನಿಂತದ್ದನ್ನು ನಾನು ಕಾರ್ಡ್‌ನಲ್ಲಿ ಎಷ್ಟೋ ಸಲ ನೋಡಿದ್ದೇನೆ. ಬೋಟಿಗೆ ಹೋಗುವವರ ಮನೆಯಲ್ಲಿ ಬಸುರಿ ಇದ್ದರೆ ಮೇ ತಿಂಗಳಲ್ಲೇ ಒಂದಿಷ್ಟು ಹೆಸರು, ಕಡಲೆ, ನೆಲಗಡಲೆ ತಂದಿಡಿ. ಮೊಟ್ಟೆಗೆ ಅಂತ ಸ್ವಲ್ಪ ದುಡ್ಡು ಬೇರೆ ಇಡಿ. ಒಣಮೀನು ತಿನ್ನಬಹುದು, ಆದರೆ ಉಪ್ಪು ತೊಳೆದು, ಮಿತವಾಗಿ. ಬಿಪಿ ಇರುವವಳಿಗೆ ಬೇಡ.

ಅಂಗನವಾಡಿಯಲ್ಲಿ ಮಾತೃಪೂರ್ಣ ಯೋಜನೆಯ ಬಿಸಿಯೂಟ ಉಂಟು, 2017ರಿಂದ. "ನಾವು ಅಲ್ಲಿ ಹೋಗಿ ಕೂತು ಉಣ್ಣುವುದೇ?" ಅಂತ ನಾಚಿಕೊಳ್ಳುವವರು ಹಲವರು. ನಾಚಿಕೆ ಎಂತದ್ದು ಮಾರಾಯ್ತಿ? ದೇವಸ್ಥಾನದಲ್ಲಿ ಸಾಲಾಗಿ ಕೂತು ಉಣ್ಣುವುದಿಲ್ಲವಾ ನಾವು?

ಇನ್ನೊಂದು ಮಾತು ಹಿರಿಯರಿಗೆ. "ಜಾಸ್ತಿ ತಿಂದರೆ ಮಗು ದೊಡ್ಡದಾಗುತ್ತದೆ, ಆಮೇಲೆ ಆಪರೇಷನ್" ಅಂತ ಸೊಸೆಗೆ ಹೇಳಬೇಡಿ. ಈ ಒಂದು ಮಾತಿಗೆ ಹೆದರಿ ಎಂಟನೇ ತಿಂಗಳಿಂದ ರಾತ್ರಿ ಊಟ ಬಿಟ್ಟ ಹುಡುಗಿಯರನ್ನು ನೋಡಿದ್ದೇನೆ. ಮಗುವಿಗೆ ಮೈ ತುಂಬುವುದೇ ಕೊನೆಯ ಮೂರು ತಿಂಗಳಲ್ಲಿ.

ಕೆಂಪು ಮಾತ್ರೆ ಎಲ್ಲಿ ಹೋಗುತ್ತದೆ

ಈ ಭಾಗದಲ್ಲಿ ನನ್ನದೇ ತಪ್ಪು ಮೊದಲು ಹೇಳುತ್ತೇನೆ. 1996ರ ಜನವರಿ. ಪಲ್ಸ್ ಪೋಲಿಯೋದ ಎರಡನೇ ಸುತ್ತು. ನಾನು ಏಳು ತಿಂಗಳ ಬಸುರಿ, ಹೆಗಲಿಗೆ ಲಸಿಕೆಯ ಐಸ್ ಡಬ್ಬ ಹಾಕಿಕೊಂಡು ಗದ್ದೆಯ ಹುಣಿಯಲ್ಲಿ ನಡೆಯುತ್ತಿದ್ದೆ. ಊರಿಗೆಲ್ಲ ಕಬ್ಬಿಣದ ಮಾತ್ರೆ ಹಂಚಿದವಳು ನಾನೇ. ನನ್ನ ಪಾಲಿನದ್ದು ನುಂಗಲಿಲ್ಲ. ವಾಕರಿಕೆ ಬರುತ್ತದೆ ಅಂತ ಕಪಾಟಿನಲ್ಲಿಟ್ಟೆ. ಹಿಮೋಗ್ಲೋಬಿನ್ ನೋಡಿಸಿದಾಗ 8.2 ಇತ್ತು. ಮಾರ್ಚ್‌ನಲ್ಲಿ, 36 ವಾರಕ್ಕೇ, ಮಗಳು ಹುಟ್ಟಿದಳು. 1,900 ಗ್ರಾಂ. ಒಂದು ಖಾಸಗಿ ಆಸ್ಪತ್ರೆಯಲ್ಲಿ ಹೆರಿಗೆ. ಅಲ್ಲಿ ಮಗುವನ್ನು ಬಟ್ಟೆಯಲ್ಲಿ ಸುತ್ತಿ, ಎರಡು ಬದಿಗೆ ಬಿಸಿನೀರಿನ ಬಾಟಲಿ ಇಟ್ಟು, ನನ್ನಿಂದ ಬೇರೆ ಕೋಣೆಯಲ್ಲಿ ಮಲಗಿಸಿದರು. ಮೂರು ದಿನ ನಾನು ಅವಳನ್ನು ಮುಟ್ಟಿರಲಿಲ್ಲ. ಹೀಗಲ್ಲ ಮಾಡುವುದು ಅಂತ ಆಗ ನನಗೂ ಗೊತ್ತಿರಲಿಲ್ಲ. ಈಗ ಆ ಹುಡುಗಿಗೇ ಒಂದು ಮಗು ಉಂಟು, ನನಗೆ ಜೋರು ಮಾಡುತ್ತಾಳೆ. ಆದರೂ ಆ ಕಪಾಟು ನೆನಪಾದಾಗ ಹೊಟ್ಟೆ ಚುರ್ ಅನ್ನುತ್ತದೆ.

ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ಬಸುರಿಗೆ ರಕ್ತಹೀನತೆ. 7ಕ್ಕಿಂತ ಕೆಳಗೆ ಹೋದರೆ ಆಸ್ಪತ್ರೆಯ ಕೆಲಸ, ಮನೆಯದ್ದಲ್ಲ. ಸರ್ಕಾರದ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, ಜೊತೆಗೆ ಫೋಲಿಕ್ ಆಸಿಡ್ ಉಂಟು. ನಾಲ್ಕನೇ ತಿಂಗಳಿಂದ ದಿನಕ್ಕೊಂದು, ಕಡಿಮೆ ಅಂದರೆ 180 ದಿನ. ಹೆರಿಗೆ ಆದ ಮೇಲೂ ಅಷ್ಟೇ ದಿನ. ರಕ್ತ ಕಡಿಮೆ ಇದ್ದರೆ ದಿನಕ್ಕೆ ಎರಡು ಕೊಡುತ್ತಾರೆ.

ಮಾತ್ರೆ ಕೊಟ್ಟರು ಅಂದರೆ ನುಂಗಿದಳು ಅಂತ ಅಲ್ಲ. ನಾನು ಒಂದು ಅಭ್ಯಾಸ ಇಟ್ಟುಕೊಂಡಿದ್ದೆ. ಮನೆಗೆ ಹೋದಾಗ "ಮಾತ್ರೆ ತಿನ್ನುತ್ತೀಯಾ?" ಅಂತ ಕೇಳುತ್ತಿರಲಿಲ್ಲ, "ಖಾಲಿ ಪಟ್ಟಿ ತೋರಿಸು ಮಗಾ" ಅನ್ನುತ್ತಿದ್ದೆ. ಒಂದು ಮನೆಯಲ್ಲಿ ಅಕ್ಕಿ ಡಬ್ಬದ ಹಿಂದಿನಿಂದ ಪಟ್ಟಿಗಳನ್ನು ಎಳೆದು ತಂದಳು. ಎರಡು ತಿಂಗಳಿಗೆ ಕೊಟ್ಟ 60ರಲ್ಲಿ 54 ಹಾಗೇ ಇತ್ತು. ತಿಂದರೆ ಮಗು ಕಪ್ಪಾಗುತ್ತದೆ ಅಂತ ಅವಳ ಚಿಕ್ಕಮ್ಮ ಹೇಳಿದ್ದರಂತೆ. ಕಪ್ಪಾಗುವುದು ಮಲ ಮಾತ್ರ. ಮಗುವಿನ ಬಣ್ಣ ಅಪ್ಪ ಅಮ್ಮನದ್ದು.

ವಾಕರಿಕೆ ಬರುವವರು ರಾತ್ರಿ ಊಟ ಆದ ಮೇಲೆ, ಮಲಗುವ ಮೊದಲು ನುಂಗಿ. ಚಾ, ಕಾಫಿ ಜೊತೆ ಬೇಡ, ಒಂದು ಗಂಟೆ ಅಂತರ ಇರಲಿ. ಕ್ಯಾಲ್ಸಿಯಂ ಮಾತ್ರೆಯನ್ನೂ ಇದರ ಜೊತೆ ನುಂಗಬೇಡಿ, ಒಂದು ಇನ್ನೊಂದನ್ನು ಕೆಲಸ ಮಾಡಲು ಬಿಡುವುದಿಲ್ಲ. ಕ್ಯಾಲ್ಸಿಯಂ ಬೆಳಿಗ್ಗೆ ಮತ್ತು ಮಧ್ಯಾಹ್ನ ಊಟದ ಜೊತೆ, ಕಬ್ಬಿಣ ರಾತ್ರಿ. ಮಲಬದ್ಧತೆಗೆ ನೀರು, ಸೊಪ್ಪು, ಬಾಳೆಹಣ್ಣು. ನಾಲ್ಕನೇ ತಿಂಗಳ ನಂತರ ಹುಳದ ಮಾತ್ರೆ ಒಮ್ಮೆ ಕೊಡುತ್ತಾರೆ, ಅದನ್ನೂ ನುಂಗಿ.

ಬೀಡಿಯ ತಡ್ಪೆ, ಬಚ್ಚಲಿನ ಹೊಗೆ

ಇದು ನಮ್ಮ ಉಡುಪಿ, ದಕ್ಷಿಣ ಕನ್ನಡ ಎರಡು ಜಿಲ್ಲೆಯ ಮಾತು. ಬೇರೆ ಊರಿನ ಪುಸ್ತಕದಲ್ಲಿ ಬಸುರಿ ಸಿಗರೇಟ್ ಸೇದಬಾರದು ಅಂತ ಬರೆದಿರುತ್ತದೆ. ನಮ್ಮ ಹೆಂಗಸರು ಸೇದುವುದಿಲ್ಲ, ಬೀಡಿ ಕಟ್ಟುತ್ತಾರೆ.

ಆ ಹುಡುಗಿಗೆ 22 ವರ್ಷ, ಎರಡನೇ ಬಸುರಿ, ಐದು ತಿಂಗಳು. ಜಗಲಿಯಲ್ಲಿ ಗೋಡೆಗೆ ಒರಗಿ, ತೊಡೆಯ ಮೇಲೆ ತಡ್ಪೆ, ಅಂದರೆ ಮೊರ. ತಡ್ಪೆಯಲ್ಲಿ ಒಂದು ಬದಿಗೆ ಕತ್ತರಿಸಿದ ಎಲೆ, ಇನ್ನೊಂದು ಬದಿಗೆ ಹೊಗೆಸೊಪ್ಪಿನ ಪುಡಿ. ಎಲೆ ತೆಗೆದಳು, ಚಿಟಿಕೆ ಪುಡಿ ಹಾಕಿದಳು, ಸುರುಳಿ ಸುತ್ತಿದಳು, ನೂಲು ಬಿಗಿದಳು. ನಾನು ಕಾರ್ಡ್ ಬರೆದು ಮುಗಿಸುವುದರೊಳಗೆ ಹದಿನೈದು ಬೀಡಿ ಆಗಿತ್ತು. ಬೆರಳ ತುದಿಗಳು ಕಂದು. ಮಧ್ಯದಲ್ಲಿ ಅತ್ತೆ ಅವಲಕ್ಕಿ ತಂದಿಟ್ಟರು. ಅದೇ ಬೆರಳಲ್ಲಿ ತಿಂದಳು. ಮೂರು ವರ್ಷದ ದೊಡ್ಡ ಮಗ ಪಕ್ಕದಲ್ಲೇ ಚಾಪೆಯಲ್ಲಿ ಮಲಗಿದ್ದ. ಅವನು ಹುಟ್ಟುವಾಗ 2,100 ಗ್ರಾಂ.

ಹೊಗೆಸೊಪ್ಪಿನ ನಿಕೋಟಿನ್ ಚರ್ಮದಿಂದಲೂ ಒಳಗೆ ಹೋಗುತ್ತದೆ, ಧೂಳು ಉಸಿರಿನಿಂದ ಹೋಗುತ್ತದೆ. ಅದು ರಕ್ತನಾಳವನ್ನು ಬಿಗಿ ಮಾಡುತ್ತದೆ. ಮಗುವಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ. ಆದರೆ "ಬೀಡಿ ಬಿಡು" ಅಂತ ಹೇಳಿ ಎದ್ದು ಬರುವುದು ಸುಲಭ. ವಾರಕ್ಕೊಮ್ಮೆ ಬೀಡಿ ಕಂಪನಿಯ ಬ್ರಾಂಚ್‌ನಲ್ಲಿ ಸಿಗುವ ಆ ದುಡ್ಡಿನಲ್ಲೇ ಸಂಘದ ಸಾಲದ ಕಂತು, ಮಗುವಿನ ಬಿಸ್ಕತ್ತು. ಹಾಗಾಗಿ ನಾವು ಮೂರು ಜನ ಕೂತು ಬೇರೆ ಲೆಕ್ಕ ಹಾಕಿದೆವು. ಪುಡಿ ತುಂಬಿ ಸುತ್ತುವ ಕೆಲಸ ಅತ್ತೆಗೆ, ಎಲೆ ಕತ್ತರಿಸುವುದು ಇವಳಿಗೆ. ಹೊಗೆಸೊಪ್ಪಿನ ಕಟ್ಟು ಮಲಗುವ ಕೋಣೆಯಿಂದ ಹೊರಗೆ. ಕೆಲಸ ಗಾಳಿ ಆಡುವ ಜಗಲಿಯಲ್ಲಿ ಮಾತ್ರ. ಉಣ್ಣುವ ಮೊದಲು ಸಾಬೂನಿನಲ್ಲಿ ಕೈ, ಉಗುರು ತಿಕ್ಕಿ ತೊಳೆಯುವುದು. ಸಂಜೆ ಮಿಂದು ಸೀರೆ ಬದಲಿಸುವುದು. ಏಳನೇ ತಿಂಗಳಿಂದ ಪೂರ್ತಿ ನಿಲ್ಲಿಸುವುದು. ಆ ಮಗು 2,600 ಬಂತು. ಇದಕ್ಕೆ ತಡ್ಪೆ ಒಂದೇ ಕಾರಣ ಅಂತ ನಾನು ಹೇಳುವುದಿಲ್ಲ, ಆ ಸಲ ಮೊಟ್ಟೆಯೂ ಇತ್ತು, ಮಾತ್ರೆಯೂ ಹೋಗಿತ್ತು.

ಎಲೆಅಡಿಕೆ ತಿನ್ನುವ ಬಸುರಿಯರು ಹೊಗೆಸೊಪ್ಪು ಬಿಡಬೇಕು, ಆದರೆ ಅಡಿಕೆಯನ್ನೂ ಬಿಡಿ, ಅದೂ ಮಗುವಿಗೆ ಒಳ್ಳೆಯದಲ್ಲ. ಕಳ್ಳು ತಂಪು ಅಂತ ಯಾರಾದರೂ ಕೊಟ್ಟರೆ ಬೇಡ ಅನ್ನಿ. ಗಂಡ ಸಿಗರೇಟ್ ಸೇದುವವನಾದರೆ ಅಂಗಳ ದಾಟಿ ಸೇದಲಿ. ಕಿಟಕಿಯ ಹತ್ತಿರ ನಿಂತು ಸೇದಿ "ಹೊರಗೇ ಸೇದಿದೆ" ಅನ್ನುವುದು ಬೇಡ.

ಮತ್ತೆ ಬಚ್ಚಲು ಮನೆಯ ಒಲೆ. ಗ್ಯಾಸ್ ಬಂದರೂ ಹಂಡೆಗೆ ಬೆಂಕಿ ಹಾಕುವುದು ಮಡಲು, ಸೋಗೆ, ತೆಂಗಿನ ಸಿಪ್ಪೆಯಲ್ಲೇ. ಮಳೆಗಾಲದಲ್ಲಿ ಎಲ್ಲ ಒದ್ದೆ, ಕಣ್ಣು ಬಿಡಲಾಗದಷ್ಟು ಹೊಗೆ. ಊದುವ ಕೆಲಸ ಮಾತ್ರ ಸೊಸೆಯದ್ದು! ಆ ಹೊಗೆಯಲ್ಲೂ ವಿಷಾನಿಲ ಉಂಟು, ಅದು ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿಯುತ್ತದೆ. ಒಂಬತ್ತು ತಿಂಗಳು ಬೆಂಕಿ ಬೇರೆಯವರು ಹಾಕಲಿ.

ಕೆಲಸ, ನಿದ್ದೆ, ಮನಸ್ಸು

ಬಸುರಿಗೆ ರಾತ್ರಿ ಎಂಟು ಗಂಟೆ ನಿದ್ದೆ, ಹಗಲು ಎರಡು ಗಂಟೆ ವಿಶ್ರಾಂತಿ ಬೇಕು. ಎಡಬದಿಗೆ ಮಲಗಿದರೆ ಮಗುವಿಗೆ ರಕ್ತ ಚೆನ್ನಾಗಿ ಹೋಗುತ್ತದೆ. ಹೇಳುವುದು ಸುಲಭ, ಸಿಗುವುದು ಕಷ್ಟ. ಉಡುಪಿಯ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿಯರು ಬೆಳಿಗ್ಗೆ ಒಂಬತ್ತೂವರೆಯಿಂದ ರಾತ್ರಿ ಎಂಟರವರೆಗೆ ನಿಂತೇ ಇರುತ್ತಾರೆ. ಮೀನು ಮಾರುವವರಿಗೆ ಎಷ್ಟೋ ಕಡೆ ಸರಿಯಾದ ಶೌಚಾಲಯ ಇಲ್ಲ. ಹಾಗಾಗಿ ನೀರೇ ಕುಡಿಯುವುದಿಲ್ಲ. ಮೂತ್ರ ಹಿಡಿದು ಹಿಡಿದು ಸೋಂಕು, ಸೋಂಕಿನಿಂದ ಅವಧಿಗೆ ಮೊದಲೇ ನೋವು. ಉರಿಮೂತ್ರ, ವಾಸನೆಯ ಬಿಳಿಸೆರಗು ಇದ್ದರೆ "ಉಷ್ಣ" ಅಂತ ಎಳನೀರು ಕುಡಿದು ಸುಮ್ಮನಿರಬೇಡಿ, ಮೂತ್ರ ಪರೀಕ್ಷೆ ಮಾಡಿಸಿ.

ಹತ್ತು ಅಥವಾ ಅದಕ್ಕಿಂತ ಜಾಸ್ತಿ ಕೆಲಸಗಾರರಿರುವ ಅಂಗಡಿಯಾದರೆ ಮೊದಲ ಎರಡು ಹೆರಿಗೆಗೆ 26 ವಾರ ಸಂಬಳದ ರಜೆ ಕಾನೂನಿನಲ್ಲೇ ಉಂಟು. ಹಿಂದಿನ ವರ್ಷದಲ್ಲಿ 80 ದಿನ ಕೆಲಸ ಮಾಡಿರಬೇಕು, ಅಷ್ಟೇ. ಅದರಲ್ಲಿ ಎಂಟು ವಾರ ಹೆರಿಗೆಗೆ ಮೊದಲೇ ತೆಗೆಯಬಹುದು. ಕೇಳಿ ಪಡೆಯಿರಿ.

ಗಂಡ ದುಬೈಯಲ್ಲೋ ಕುವೈತ್‌ನಲ್ಲೋ ಇರುವ ಮನೆಗಳಲ್ಲಿ ದುಡ್ಡಿಗೆ ಕೊರತೆ ಇಲ್ಲ, ಮಾತಿಗೆ ಉಂಟು. ಸರಿಯಾಗಿ ಉಣ್ಣದ ಬಸುರಿಯರಲ್ಲಿ ಒಳ್ಳೆಯ ಮನೆಯವರೂ ಇದ್ದರು. ಬೇಸರಕ್ಕೆ ಊಟ ಸೇರುವುದಿಲ್ಲ. ಅಂಥವಳ ಜೊತೆ ಮಧ್ಯಾಹ್ನ ಯಾರಾದರೂ ಕೂತು ಉಂಡರೆ ಸಾಕು, ಎರಡು ತುತ್ತು ಜಾಸ್ತಿ ಹೋಗುತ್ತದೆ. ಕುಡಿದು ಹೊಡೆಯುವ ಗಂಡಂದಿರ ಬಗ್ಗೆ ಸುತ್ತಿಬಳಸಿ ಹೇಳುವುದಿಲ್ಲ. ಬಸುರಿಗೆ ಹೊಡೆದ ಮನೆಗಳಲ್ಲಿ ಮಗು ಬೇಗ ಹುಟ್ಟಿದ್ದು, ಸಣ್ಣದಾಗಿ ಹುಟ್ಟಿದ್ದು ಎರಡೂ ನೋಡಿದ್ದೇನೆ. 181ಕ್ಕೆ ಫೋನ್ ಮಾಡಿ, ಇಲ್ಲವಾದರೆ ಆಶಾಗೆ ಹೇಳಿ.

ಬಯಕೆ (ಸೀಮಂತ) ಮುಗಿಸಿ ತವರಿಗೆ ಕಳಿಸುವಾಗ ಸೀರೆ, ಬಳೆ, ತಿಂಡಿ ಎಲ್ಲ ನೆನಪಿನಿಂದ ಕಟ್ಟುತ್ತಾರೆ. ತಾಯಿ ಕಾರ್ಡ್ ಗಂಡನ ಮನೆಯಲ್ಲೇ ಉಳಿಯುತ್ತದೆ! ಇಲ್ಲಿಯ ಆಶಾ "ತವರಿಗೆ ಹೋದಳು" ಅಂತ ಬರೆಯುತ್ತಾಳೆ, ಅಲ್ಲಿಯವಳಿಗೆ ಬಂದದ್ದೇ ಗೊತ್ತಿರುವುದಿಲ್ಲ. ಎಂಟನೇ ತಿಂಗಳ ತಪಾಸಣೆ ಹಾಗೇ ತಪ್ಪುತ್ತದೆ, ಬಿಪಿ ಏರುವುದೂ ಅದೇ ಹೊತ್ತಿಗೆ. ಕಾರ್ಡ್ ಮೊದಲು ಬ್ಯಾಗಿಗೆ ಹಾಕಿ, ಸೀರೆ ಆಮೇಲೆ. ಕೆಲಸಕ್ಕೆಂದು ಬಂದು ಮಲ್ಪೆ, ಮಂಗಳೂರಿನ ಶೆಡ್‌ಗಳಲ್ಲಿರುವ ಕೊಪ್ಪಳ, ಗದಗ ಕಡೆಯ ತಂಗಿಯರಿಗೂ ಇದೇ ಮಾತು. ಕಾರ್ಡ್ ಯಾವ ಊರಿನದ್ದಾದರೂ ತಪಾಸಣೆ ಇಲ್ಲೇ ಆಗುತ್ತದೆ.

ಹೆಣ್ಣಿನ ವಯಸ್ಸು, ಮಕ್ಕಳ ನಡುವಿನ ಅಂತರದ ಬಗ್ಗೆ ಎಲ್ಲರಿಗೂ ಗೊತ್ತು, ಹಾಗಾಗಿ ಚುಟುಕಾಗಿ: ಇಪ್ಪತ್ತರೊಳಗೆ ಬೇಡ, ಒಂದು ಹೆರಿಗೆಯಾಗಿ ಎರಡು ವರ್ಷ ಕಳೆಯದೆ ಮತ್ತೆ ಗರ್ಭ ಬೇಡ. ಮೊದಲ ಮಗು ಸಣ್ಣದಿದ್ದರೆ, ತಾಯಿಯ ಎತ್ತರ 145 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ, ಅವಳಿ ಮಕ್ಕಳಾದರೆ, ಡಾಕ್ಟರಿಗೆ ಮೊದಲ ದಿನವೇ ಹೇಳಿ.

ಕಾಯಬಾರದ ಸಂಗತಿಗಳು

ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆಂದೇ ಉಚಿತ ತಪಾಸಣೆ. ಆ ದಿನ ಬಿಪಿ, ತೂಕ, ಹೊಟ್ಟೆಯ ಅಳತೆ ಮೂರನ್ನೂ ಕೇಳಿ ಬರೆಸಿಕೊಳ್ಳಿ. ಐದು ತಿಂಗಳ ನಂತರ ಹೊಟ್ಟೆಯ ಎತ್ತರ ಟೇಪಿನಲ್ಲಿ ಅಳೆದಾಗ ಸೆಂಟಿಮೀಟರ್ ಮತ್ತು ವಾರ ಹತ್ತಿರ ಹತ್ತಿರ ಇರಬೇಕು. 30 ವಾರಕ್ಕೆ 26 ಬಂದರೆ ಸ್ಕ್ಯಾನಿಂಗ್ ಬೇಕು.

ಬಿಪಿ 140/90 ಮುಟ್ಟಿದರೆ, ತಲೆನೋವು, ಕಣ್ಣು ಮಂಜು, ಮುಖ ಬಾತುಕೊಳ್ಳುವುದು, ಎದೆಗೂಡಿನ ಕೆಳಗೆ ನೋವು ಬಂದರೆ ಅದೇ ದಿನ ಹೋಗಿ. ಏಳು ತಿಂಗಳಾದ ಮೇಲೆ ಮಗು ಆಡುವುದು ಕಡಿಮೆ ಅನಿಸಿದರೆ ಊಟ ಮಾಡಿ ಎಡಬದಿಗೆ ಮಲಗಿ ಎಣಿಸಿ. ಎರಡು ಗಂಟೆಯೊಳಗೆ ಹತ್ತು ಸಲ ಆಡದಿದ್ದರೆ ಹೊರಡಿ.

ಜ್ವರ ಬಂದರೆ ನಮ್ಮ ಊರಿನಲ್ಲಿ ಮೊದಲು ಮಲೇರಿಯಾ ನೋಡಬೇಕು. ಮಂಗಳೂರು ಅದಕ್ಕೆ ಮೊದಲೇ ಹೆಸರಾದ ಊರು. ಮಲೇರಿಯಾ ಮಾಸಿನಲ್ಲೇ ಕೂತು ಮಗುವಿನ ಆಹಾರಕ್ಕೆ ಅಡ್ಡ ಬರುತ್ತದೆ. ಒಂದು ಹನಿ ರಕ್ತದ ಪರೀಕ್ಷೆ, ಬೇಗ ಮುಗಿಯುತ್ತದೆ. ಸೊಳ್ಳೆ ಪರದೆ ಕಟ್ಟಿ, ಟ್ಯಾಂಕಿಗೆ ಮುಚ್ಚಳ ಹಾಕಿ.

37 ವಾರಕ್ಕೆ ಮೊದಲೇ ನೋವು ಬಂದರೆ, ನೀರು ಹೋದರೆ, ರಕ್ತ ಕಂಡರೆ "ನೋಡುವ, ಬೆಳಿಗ್ಗೆ ಹೋಗುವ" ಅನ್ನಬೇಡಿ, 108 ಕರೆಯಿರಿ. ಬೇಗ ತಲುಪಿದರೆ ಮಗುವಿನ ಶ್ವಾಸಕೋಶ ಬಲಿಯುವುದಕ್ಕೆ ತಾಯಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡಲು ಸಮಯ ಸಿಗುತ್ತದೆ. ಸಣ್ಣ ಮಕ್ಕಳನ್ನು ನೋಡುವ ಘಟಕ ಇರುವಲ್ಲಿಗೇ ಹೋಗಿ. ಹುಟ್ಟಿದ ಮೇಲೆ ಮಗುವನ್ನು ಆಂಬುಲೆನ್ಸ್‌ನಲ್ಲಿ ಸಾಗಿಸುವುದಕ್ಕಿಂತ ಹೊಟ್ಟೆಯೊಳಗೆ ಇರುವಾಗಲೇ ಕರೆದುಕೊಂಡು ಹೋಗುವುದು ಎಷ್ಟೋ ಮೇಲು.

ಸಣ್ಣ ಮಗುವೇ ಬಂದರೆ

ಎಲ್ಲ ಮಾಡಿಯೂ ಮಗು ಸಣ್ಣದಾಗಿ ಬರಬಹುದು. ತಾಯಿಗೆ ಬೈಯಬೇಡಿ. 1,800 ಗ್ರಾಂಗಿಂತ ಕಡಿಮೆ ಇದ್ದರೆ ವಿಶೇಷ ಘಟಕದಲ್ಲಿ ಇಡುತ್ತಾರೆ. ಅದಕ್ಕಿಂತ ಜಾಸ್ತಿ ಇದ್ದು, ಚೆನ್ನಾಗಿ ಹಾಲು ಕುಡಿದರೆ ಬೇಗ ಮನೆಗೆ ಬರುತ್ತದೆ. ಮನೆಯಲ್ಲಿ ಎರಡು ಕೆಲಸ: ಬೆಚ್ಚಗೆ ಇಡುವುದು, ಹಾಲು ಕುಡಿಸುವುದು.

ಬೆಚ್ಚಗೆ ಇಡುವುದಕ್ಕೆ ಕಾಂಗರೂ ಆರೈಕೆ. ಕೊಲಂಬಿಯಾದ ಬೊಗೊಟಾದಲ್ಲಿ 1978ರಲ್ಲಿ ಶುರುವಾದ ವಿಧಾನ. ಮಗುವಿಗೆ ಟೊಪ್ಪಿ, ಕಾಲುಚೀಲ, ಲಂಗೋಟಿ ಮಾತ್ರ. ತಾಯಿಯ ಎದೆಯ ನಡುವೆ, ಚರ್ಮಕ್ಕೆ ಚರ್ಮ ತಾಗುವಂತೆ, ನೆಟ್ಟಗೆ ಇಡಿ. ತಲೆ ಒಂದು ಬದಿಗೆ, ಗಲ್ಲ ಸ್ವಲ್ಪ ಮೇಲೆ, ಉಸಿರಿಗೆ ಅಡ್ಡಿ ಆಗಬಾರದು. ಕೈಕಾಲು ಕಪ್ಪೆಯ ಹಾಗೆ ಮಡಚಿರಲಿ. ಮೇಲಿಂದ ಹಳೆಯ ಮೆದು ಸೀರೆಯಲ್ಲಿ ಬಿಗಿಯಾಗಿ ಸುತ್ತಿ. ಒಮ್ಮೆ ಇಟ್ಟರೆ ಕಡಿಮೆ ಅಂದರೆ ಒಂದು ಗಂಟೆ, ದಿನಕ್ಕೆ ಎಷ್ಟು ಸಾಧ್ಯವೋ ಅಷ್ಟು, ಎಂಟು ಗಂಟೆಗಿಂತ ಜಾಸ್ತಿ ಆದರೆ ಒಳ್ಳೆಯದು. ತಾಯಿ ಉಣ್ಣುವಾಗ, ಮೀಯುವಾಗ ಅಪ್ಪ ಇಟ್ಟುಕೊಳ್ಳಲಿ. ಬೋಟಿನಲ್ಲಿ ಬಲೆ ಎಳೆಯುವ ಒಬ್ಬ ಗಂಡಾಳು ಮಳೆಗಾಲದಲ್ಲಿ ಚಾವಡಿಯಲ್ಲಿ ಅಂಗಿ ಬಿಚ್ಚಿ, ಹೆಂಡತಿಯ ಸೀರೆ ಸುತ್ತಿಕೊಂಡು, ಎದೆಯ ಮೇಲೆ 1,850 ಗ್ರಾಂನ ಮಗಳನ್ನಿಟ್ಟು ಕೂತಿದ್ದ. ನನ್ನನ್ನು ನೋಡಿ ನಾಚಿ "ಇವಳು ಕೆಮ್ಮಲೂ ಬಿಡುವುದಿಲ್ಲ ಸಿಸ್ಟರ್" ಅಂದ.

ಹಾಲು ಹುಟ್ಟಿದ ಒಂದು ಗಂಟೆಯೊಳಗೆ ಶುರುವಾಗಲಿ. ಮೊದಲ ಹಳದಿ ಹಾಲು ಚೆಲ್ಲಬೇಡಿ. ಎರಡು ಗಂಟೆಗೊಮ್ಮೆ, ರಾತ್ರಿಯೂ. ಸಣ್ಣ ಮಗು ಹಸಿವೆಗೆ ಅಳುವುದಿಲ್ಲ, ನಿದ್ದೆ ಮಾಡುತ್ತದೆ, ನೀವೇ ಎಬ್ಬಿಸಬೇಕು. ಎದೆ ಚೀಪುವ ಶಕ್ತಿ ಇಲ್ಲದಿದ್ದರೆ ಹಿಂಡಿ ಒಳಲೆಯಲ್ಲಿ ಕುಡಿಸಿ. ಒಳಲೆಯನ್ನು ಪ್ರತಿ ಸಲವೂ ಕುದಿಸಿ. ಬಾಟಲಿ ಬೇಡ. ಜೇನು ಬೇಡ, ಬಜೆ ತೇದು ನೆಕ್ಕಿಸುವುದು ಬೇಡ. ತಾಯಿಗೆ ಹಾಲು ಸಾಲದಿದ್ದರೆ ಹಸುವಿನ ಹಾಲಿಗೆ ಓಡಬೇಡಿ. ಮಂಗಳೂರಿನ ಲೇಡಿಗೋಶನ್ ಆಸ್ಪತ್ರೆಯಲ್ಲಿ ಎದೆಹಾಲಿನ ಬ್ಯಾಂಕ್ ಉಂಟು, ಡಾಕ್ಟರನ್ನು ಕೇಳಿ.

ಸ್ನಾನದ ಬಗ್ಗೆ ಅಜ್ಜಿಯಂದಿರ ಜೊತೆ ನನ್ನ ಜಗಳ ಮೂವತ್ತು ವರ್ಷದ್ದು. ಎಣ್ಣೆ ತಿಕ್ಕಿ, ಕಾಲ ಮೇಲೆ ಮಲಗಿಸಿ, ಬಿಸಿನೀರು ಹುಯ್ಯುವುದು ನಮಗೆಲ್ಲ ಇಷ್ಟವೇ. ಆದರೆ ಸಣ್ಣ ಮಗು ಒದ್ದೆಯಾದರೆ ಐದು ನಿಮಿಷದಲ್ಲಿ ತಣ್ಣಗಾಗುತ್ತದೆ. ತೂಕ ಎರಡು ಕೆಜಿ ದಾಟುವವರೆಗೆ ಬೆಚ್ಚನೆಯ ಬಟ್ಟೆಯಲ್ಲಿ ಒರೆಸಿದರೆ ಸಾಕು. ಮೀಯಿಸುವ ಅಮ್ಮನಿಗೆ ಆ ದಿನಗಳಲ್ಲಿ ಬಾಣಂತಿಯನ್ನು ಮೀಯಿಸಲು ಹೇಳಿ. ಸಾಂಬ್ರಾಣಿ ಹೊಗೆ ಯಾವ ತೂಕಕ್ಕೂ ಬೇಡ.

ಆಶಾ 3, 7, 14, 21, 28, 42ನೇ ದಿನ ಮನೆಗೆ ಬರುತ್ತಾಳೆ, ಮಗುವನ್ನು ಜೋಳಿಗೆ ತಕ್ಕಡಿಯಲ್ಲಿ ತೂಗುತ್ತಾಳೆ. ಖಾಲಿ ಜೋಳಿಗೆ ನೇತುಹಾಕಿ ಮುಳ್ಳು ಸೊನ್ನೆಗೆ ತಂದದ್ದನ್ನು ನೀವೂ ನೋಡಿ. ಮಗು ಬಟ್ಟೆ ಇಲ್ಲದೆ ಇರಲಿ, ಮುಳ್ಳು ಅಲುಗಾಟ ನಿಲ್ಲಿಸಿದ ಮೇಲೆ ಓದಲಿ. ಮೊದಲ ವಾರ ತೂಕ ನೂರಕ್ಕೆ ಹತ್ತರಷ್ಟು ಇಳಿಯಬಹುದು, ಹೆದರಬೇಡಿ. ಎರಡು ವಾರಕ್ಕೆ ಹುಟ್ಟಿದ ತೂಕಕ್ಕೆ ಮತ್ತೆ ಬರಬೇಕು, ಆಮೇಲೆ ದಿನಕ್ಕೆ 20ರಿಂದ 30 ಗ್ರಾಂ ಏರಬೇಕು. ಹಾಲು ಬಿಟ್ಟರೆ, ಅಂಗಾಲು ತಣ್ಣಗಾದರೆ, ನಿಮಿಷಕ್ಕೆ 60ಕ್ಕಿಂತ ಜಾಸ್ತಿ ಉಸಿರಾಡಿದರೆ, ಪಕ್ಕೆ ಒಳಕ್ಕೆ ಎಳೆದರೆ, ಅಂಗೈ ಅಂಗಾಲು ಹಳದಿಯಾದರೆ ಎದೆಗೆ ಅಪ್ಪಿಕೊಂಡೇ ಆಸ್ಪತ್ರೆಗೆ ಹೊರಡಿ.

ಲಸಿಕೆ ಹುಟ್ಟಿದ ದಿನದ ಲೆಕ್ಕದಲ್ಲೇ, ಸಣ್ಣದು ಅಂತ ಮುಂದೂಡುವುದಿಲ್ಲ. ಮತ್ತೆ ಕಣ್ಣಿನ ಪರೀಕ್ಷೆ, ಇದನ್ನು ತುಂಬಾ ಜನ ಮರೆಯುತ್ತಾರೆ. 2,000 ಗ್ರಾಂಗಿಂತ ಕಡಿಮೆ ಇದ್ದ ಅಥವಾ 34 ವಾರಕ್ಕೆ ಮೊದಲು ಹುಟ್ಟಿದ ಮಗುವಿಗೆ 30 ದಿನ ತುಂಬುವುದರೊಳಗೆ ಕಣ್ಣಿನ ಒಳಪದರ ನೋಡಿಸಲೇಬೇಕು. ಹೊರಗಿನಿಂದ ಕಣ್ಣು ಚೆನ್ನಾಗಿಯೇ ಕಾಣುತ್ತದೆ, ಒಳಗೆ ರಕ್ತನಾಳ ತಪ್ಪಾಗಿ ಬೆಳೆಯುತ್ತಿರಬಹುದು. ತಡವಾದರೆ ದೃಷ್ಟಿ ಹೋಗುತ್ತದೆ. ಡಿಸ್ಚಾರ್ಜ್ ಆದ ದಿನವೇ ಅಡುಗೆ ಮನೆಯ ಕ್ಯಾಲೆಂಡರ್ ತೆಗೆದು, ಹುಟ್ಟಿದ ದಿನದಿಂದ 25ನೇ ದಿನಕ್ಕೆ ಕೆಂಪು ಪೆನ್ನಿನಲ್ಲಿ ಒಂದು ವೃತ್ತ ಹಾಕಿ, ಪಕ್ಕದಲ್ಲಿ "ಕಣ್ಣು" ಅಂತ ಬರೆಯಿರಿ.